ವಾಯುಮಾರ್ಗ ಶುಲ್ಕ: ಪರದೇಶದ ಆಕಾಶ ದಾಟುವ ಖಾಸಗಿ ವಿಮಾನಗಳು

ವಾಯುಮಾರ್ಗ ಶುಲ್ಕವೆಂದರೆ ಒಂದು ದೇಶದ ವಾಯುಪ್ರದೇಶದಲ್ಲಿ ಹಾದುಹೋಗುವ ವಿಮಾನಕ್ಕೆ ಆ ದೇಶ ಒದಗಿಸುವ ಸಂಚಾರ ನಿಯಂತ್ರಣ, ರೇಡಿಯೊ ಸಂಪರ್ಕ, ರೇಡಾರ್ ನಿಗಾ, ಹವಾಮಾನ ವರದಿ ಮೊದಲಾದ ಸೇವೆಗಳ ಸಲುವಾಗಿ ವಿಮಾನ ನಡೆಸುವವರಿಂದ ವಸೂಲು ಮಾಡುವ ಹಣ. ವಿಮಾನ ಆ ನೆಲದಲ್ಲಿ ಇಳಿಯಲೇಬೇಕೆಂದಿಲ್ಲ. ಗಡಿಯ ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಹೊರಬಿದ್ದರೂ ಲೆಕ್ಕ ಬರೆಯುತ್ತಾರೆ. ವಿಮಾನ ಕಂಪನಿಗಳಿಗೆ ಇದು ಟಿಕೆಟ್ಟಿನ ದರದಲ್ಲಿ ಸೇರಿಹೋಗುವ ಖರ್ಚು. ಸ್ವಂತದ್ದೋ ಬಾಡಿಗೆಯದೋ ಪುಟ್ಟ ವಿಮಾನವನ್ನು ತಾವೇ ಹಾರಿಸುವ, ಯಾರಿಂದಲೂ ಪ್ರಯಾಣದ ಹಣ ಪಡೆಯದ ಖಾಸಗಿ ಪೈಲಟ್‌ಗಳ ಮಾತು ಬೇರೆ. ಪ್ರಯಾಣ ಮುಗಿದು ವಾರಗಳಾದ ಮೇಲೆ, ತಾವು ಕಾಲೂರದ ದೇಶವೊಂದರ ಲೆಕ್ಕದಲ್ಲಿ ಬಿಲ್ಲು ಬರುತ್ತದೆ. ಅದನ್ನು ಅವರು ಕೈಯಿಂದಲೇ ಕಟ್ಟಬೇಕು.

ಕನ್ನಡದಲ್ಲಿ ಸುಂಕ ಎಂಬ ಮಾತು ಶುಲ್ಕದ ತದ್ಭವ. ಬಳಕೆಯಲ್ಲಿ ಮಾತ್ರ ಎರಡೂ ಬೇರೆ ಬೇರೆ ದಾರಿ ಹಿಡಿದಿವೆ: ಸುಂಕ ದಾರಿ ಬಿಟ್ಟದ್ದಕ್ಕೆ ತೆರುವುದು, ಶುಲ್ಕ ಪಡೆದ ಸೇವೆಗೆ ಕೊಡುವುದು. ಅಂತಾರಾಷ್ಟ್ರೀಯ ವಾಯುಯಾನದ ಕಾನೂನು ಈ ವಿಷಯದಲ್ಲಿ ನಿಂತಿರುವುದು ಇದೇ ವ್ಯತ್ಯಾಸದ ಮೇಲೆ.

ನೆಲದ ಮೇಲಿನ ಆಕಾಶವೂ ಆ ನೆಲವಾಳುವ ದೇಶದ್ದೇ ಎಂಬುದು 1919ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಥಿರವಾಯಿತು. 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ 52 ದೇಶಗಳು ಸಹಿ ಹಾಕಿದ ಅಂತಾರಾಷ್ಟ್ರೀಯ ನಾಗರಿಕ ವಾಯುಯಾನ ಒಪ್ಪಂದ ತನ್ನ ಮೊದಲ ವಿಧಿಯಲ್ಲೇ ಅದನ್ನು ಮತ್ತೆ ಹೇಳಿತು. ಆದರೆ ಆಕಾಶದ ಒಡೆತನ ಕೊಟ್ಟ ಅದೇ ಒಪ್ಪಂದ 15ನೆಯ ವಿಧಿಯಲ್ಲಿ ಅದಕ್ಕೆ ಕಡಿವಾಣವನ್ನೂ ಹಾಕಿತು. ತನ್ನ ಪ್ರದೇಶವನ್ನು ಹಾದುಹೋಗುವ, ಒಳಬರುವ ಅಥವಾ ಹೊರಹೋಗುವ ಹಕ್ಕಿಗಾಗಿಯೇ ಯಾವ ದೇಶವೂ ಹಣ ಕೇಳುವಂತಿಲ್ಲ. ಸೇವೆಗೆ ಕೇಳಬಹುದು, ಆದರೆ ಅಂಥದೇ ಹಾರಾಟ ನಡೆಸುವ ಸ್ವದೇಶಿ ವಿಮಾನಕ್ಕಿಂತ ಹೆಚ್ಚನ್ನು ವಿದೇಶಿ ವಿಮಾನದಿಂದ ಕೇಳುವಂತಿಲ್ಲ. ಹೀಗೆ ಷಿಕಾಗೋ ಒಪ್ಪಂದ ಸುಂಕವನ್ನು ನಿಷೇಧಿಸಿ ಶುಲ್ಕವನ್ನು ಉಳಿಸಿತು. ನಿಯಮ ಎಲ್ಲ ಕಡೆಯೂ ಪಾಲನೆಯಾಗಿದೆ ಎನ್ನಲಾಗದು. ಸೈಬೀರಿಯದ ಮೇಲಿನ ಹತ್ತಿರದ ದಾರಿಗಾಗಿ ಯೂರೋಪಿನ ವಿಮಾನ ಕಂಪನಿಗಳು ರಷ್ಯದ ಏರೋಫ್ಲಾಟ್‌ಗೆ ದಶಕಗಳ ಕಾಲ ತೆತ್ತ ಹಣ ಹೆಚ್ಚುಕಡಿಮೆ ಸುಂಕವೇ ಆಗಿತ್ತು. ಖಾಸಗಿ ಪೈಲಟ್‌ಗಳಿಗೆ ಆ ಹೊರೆ ತಟ್ಟಲಿಲ್ಲ.

ಒಪ್ಪಂದದಡಿ ಹುಟ್ಟಿ ಮಾಂಟ್ರಿಯಲ್‌ನಲ್ಲಿ ನೆಲೆಸಿರುವ ಐಕಾವೊ ಸಂಸ್ಥೆ ಶುಲ್ಕದ ನೀತಿಯನ್ನು ಬರಹದಲ್ಲಿ ಕೊಟ್ಟಿದೆ. ಶುಲ್ಕ ವೆಚ್ಚಕ್ಕೆ ತಕ್ಕಂತಿರಬೇಕು, ಲೆಕ್ಕ ಬಿಚ್ಚಿಡಬೇಕು, ದರ ಏರಿಸುವ ಮೊದಲು ಬಳಕೆದಾರರನ್ನು ಕೇಳಬೇಕು, ಭೇದಭಾವ ಕೂಡದು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತನ್ನೂ ಅದರಲ್ಲಿ ಸೇರಿಸಿದ್ದಾರೆ: ಸುರಕ್ಷತೆಗೆ ಬೇಕಾದ ಸೇವೆಯನ್ನು ಬಳಸದಂತೆ ಪೈಲಟ್‌ಗಳನ್ನು ಹಿಂಜರಿಯಿಸುವ ರೀತಿಯಲ್ಲಿ ಶುಲ್ಕ ಹಾಕಬಾರದು. ಸಣ್ಣ ವಿಮಾನಗಳ ಶುಲ್ಕದ ವಿಷಯದಲ್ಲಿ ಯಾವ ದೇಶದ ಪದ್ಧತಿ ಸರಿ, ಯಾವುದು ತಪ್ಪು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಯೂರೋಪಿನ ಲೆಕ್ಕ

ಈ ಶುಲ್ಕದ ಅತ್ಯಂತ ಬೆಳೆದ ರೂಪವನ್ನು ಕಾಣಬೇಕಾದರೆ ಯೂರೋಪನ್ನು ನೋಡಬೇಕು. ಅಲ್ಲಿ ದೇಶಗಳು ಚಿಕ್ಕವು, ಗಡಿಗಳು ಹತ್ತಿರ. ಬೆಳಗಿನ ಒಂದು ಹಾರಾಟದಲ್ಲಿ ಸಣ್ಣ ವಿಮಾನವೂ ಮೂರು ನಾಲ್ಕು ದೇಶಗಳನ್ನು ದಾಟಿಬಿಡುತ್ತದೆ. ಪ್ರತಿ ದೇಶವೂ ಬೇರೆ ಬೇರೆ ಬಿಲ್ಲು ಕಳಿಸಿದರೆ ಕಟ್ಟುವವರಿಗೂ ಕಷ್ಟ, ವಸೂಲು ಮಾಡುವವರಿಗೂ ಕಷ್ಟ. ಬೆಲ್ಜಿಯಂ, ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್, ನೆದರ್‌ಲ್ಯಾಂಡ್ಸ್ ಮತ್ತು ಬ್ರಿಟನ್ 1960ರ ಡಿಸೆಂಬರ್ 13ರಂದು ಕಟ್ಟಿದ ಯೂರೋಕಂಟ್ರೋಲ್ ಸಂಸ್ಥೆ 1971ರಿಂದ ಒಟ್ಟಾಗಿ ಶುಲ್ಕ ಎತ್ತುವ ಕೆಲಸ ಶುರುಮಾಡಿತು. 1981ರ ಬಹುಪಕ್ಷೀಯ ಒಪ್ಪಂದ ಇದಕ್ಕೆ ಈಗಿನ ಚೌಕಟ್ಟು ಕೊಟ್ಟಿತು. ಅದು ಜಾರಿಗೆ ಬಂದದ್ದು 1986ರಲ್ಲಿ. ಬ್ರಸೆಲ್ಸ್‌ನಲ್ಲಿರುವ ಕೇಂದ್ರ ಮಾರ್ಗ ಶುಲ್ಕ ಕಚೇರಿ ಎಲ್ಲ ಸದಸ್ಯ ದೇಶಗಳ ಪರವಾಗಿ ಬಿಲ್ಲು ಮಾಡಿ, ಬಂದ ಹಣವನ್ನು ಹಂಚುತ್ತದೆ.

ಲೆಕ್ಕದ ಸೂತ್ರ ಸರಳ. ಒಂದು ದೇಶದ ಮೇಲೆ ಹಾರಿದ ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಂಡು 100ರಿಂದ ಭಾಗಿಸಬೇಕು. ವಿಮಾನದ ಗರಿಷ್ಠ ಟೇಕಾಫ್ ತೂಕವನ್ನು ಟನ್ನಿನಲ್ಲಿ ತೆಗೆದುಕೊಂಡು 50ರಿಂದ ಭಾಗಿಸಿ ವರ್ಗಮೂಲ ಕಂಡುಹಿಡಿಯಬೇಕು. ಈ ಎರಡನ್ನೂ ಗುಣಿಸಿದರೆ ಸೇವಾ ಘಟಕಗಳ ಸಂಖ್ಯೆ ಸಿಗುತ್ತದೆ. ಅದನ್ನು ಆ ದೇಶ ಗೊತ್ತುಮಾಡಿರುವ ಘಟಕ ದರದಿಂದ ಗುಣಿಸಿದರೆ ಮುಗಿಯಿತು. ಆ ದೇಶದಲ್ಲೇ ಟೇಕಾಫ್ ಆದರೆ 20 ಕಿಲೋಮೀಟರ್ ಬಿಡುತ್ತಾರೆ, ಇಳಿದರೆ ಇನ್ನೊಂದು 20. ಏಕೆಂದರೆ ವಿಮಾನ ನಿಲ್ದಾಣದ ಸುತ್ತಲಿನ ನಿಯಂತ್ರಣಕ್ಕೆ ಬೇರೆಯೇ ಶುಲ್ಕವಿದೆ.

ಅಂಕಿಯಿಟ್ಟು ನೋಡಿದರೆ ಸೂತ್ರದ ಸ್ವಭಾವ ತಿಳಿಯುತ್ತದೆ. ಘಟಕ ದರ 60 ಯೂರೊ ಎಂದು ಇಟ್ಟುಕೊಳ್ಳೋಣ, ದಾಟುವ ದೂರ 600 ಕಿಲೋಮೀಟರ್. 4.74 ಟನ್ನಿನ ಪಿಲಾಟಸ್ ಪಿಸಿ-12 ಎಂಬ ಒಂಟಿ ಎಂಜಿನ್ನಿನ ಖಾಸಗಿ ವಿಮಾನದ ತೂಕದ ಗುಣಕ 0.31. ಆರರಿಂದ ಗುಣಿಸಿದರೆ 1.86 ಘಟಕ, ಹಣದಲ್ಲಿ 111 ಯೂರೊ ಚಿಲ್ಲರೆ. ಅದೇ ದಾರಿಯಲ್ಲಿ 78 ಟನ್ನಿನ ಏರ್‌ಬಸ್ ಎ320ಕ್ಕೆ ಗುಣಕ 1.25, ಶುಲ್ಕ 450 ಯೂರೊ. ಏರ್‌ಬಸ್ಸಿನಲ್ಲಿ 180 ಜನ ಇದ್ದರೆ ತಲೆಗೆ ಎರಡೂವರೆ ಯೂರೊ. ಪಿಲಾಟಸ್‌ನಲ್ಲಿ ಆರು ಜನ ಇದ್ದರೆ ತಲೆಗೆ 18 ಯೂರೊ ದಾಟುತ್ತದೆ. ವರ್ಗಮೂಲ ಬಂದಿರುವುದರಿಂದ ತೂಕ ಇಪ್ಪತ್ತೈದು ಪಟ್ಟು ಹೆಚ್ಚಿದರೂ ಶುಲ್ಕ ಹೆಚ್ಚುವುದು ಐದೇ ಪಟ್ಟು. ರೇಡಾರ್ ಪರದೆಯ ಮುಂದೆ ಕೂತ ನಿಯಂತ್ರಕರಿಗೆ ದೊಡ್ಡ ವಿಮಾನವೂ ಒಂದು ಚುಕ್ಕೆ, ಸಣ್ಣದೂ ಒಂದು ಚುಕ್ಕೆ. ಶ್ರಮ ಹೆಚ್ಚುಕಡಿಮೆ ಒಂದೇ ಎಂಬ ವಾದ ಒಂದು ಕಡೆ. ಕೊಡುವ ಶಕ್ತಿ ಎಲ್ಲರದೂ ಒಂದಲ್ಲ ಎಂಬ ವಾದ ಇನ್ನೊಂದು ಕಡೆ. ವರ್ಗಮೂಲ ಇವೆರಡರ ನಡುವಿನ ರಾಜಿ.

ಮೊದಲೆಲ್ಲ ದೂರವನ್ನು ಲೆಕ್ಕ ಹಾಕುತ್ತಿದ್ದದ್ದು ಪೈಲಟ್ ಸಲ್ಲಿಸಿದ ಫ್ಲೈಟ್ ಪ್ಲಾನ್ ನೋಡಿ. 2020ರಿಂದ ವಿಮಾನ ನಿಜವಾಗಿ ಹಾರಿದ ದಾರಿಯನ್ನೇ ಹಿಡಿಯುತ್ತಾರೆ. ದರ ದೇಶದಿಂದ ದೇಶಕ್ಕೆ ಬೇರೆ. ಯೂರೊ ಬಳಸದ ದೇಶಗಳ ದರವಂತೂ ನಾಣ್ಯ ವಿನಿಮಯಕ್ಕೆ ತಕ್ಕಂತೆ ತಿಂಗಳು ತಿಂಗಳೂ ಬದಲಾಗುತ್ತದೆ.

ಎರಡು ಟನ್ನಿನ ಗೆರೆ

ಖಾಸಗಿ ಪೈಲಟ್‌ಗಳ ಮಟ್ಟಿಗೆ ಈ ವ್ಯವಸ್ಥೆಯ ಜೀವಾಳವಿರುವುದು ವಿನಾಯಿತಿಗಳಲ್ಲಿ. ಗರಿಷ್ಠ ಟೇಕಾಫ್ ತೂಕ 2 ಟನ್ನಿಗಿಂತ ಕಡಿಮೆ ಇರುವ ವಿಮಾನಕ್ಕೆ ಯೂರೋಕಂಟ್ರೋಲ್ ಮಾರ್ಗ ಶುಲ್ಕ ಇಲ್ಲವೇ ಇಲ್ಲ. ಹಾರುವ ಶಾಲೆಗಳಲ್ಲಿ ಎಲ್ಲೆಡೆ ಕಾಣುವ ಸೆಸ್ನಾ 172ರ ತೂಕ 1,100 ಕಿಲೋ ಆಸುಪಾಸು. ಸಿರಸ್ ಎಸ್ಆರ್22 ಅಂದಾಜು 1,630 ಕಿಲೋ. ಇವು ಪೋರ್ಚುಗಲ್‌ನಿಂದ ಪೋಲೆಂಡ್‌ವರೆಗೆ ಮೋಡದೊಳಗೆ, ನಿಯಂತ್ರಕರ ಮಾರ್ಗದರ್ಶನದಲ್ಲಿ ಹಾರಿಹೋದರೂ ಮಾರ್ಗದ ಬಿಲ್ಲು ಬರುವುದಿಲ್ಲ.

ಗೆರೆ ಎಷ್ಟು ಚೂಪಾಗಿದೆಯೆಂದರೆ, ವಿಮಾನ ತಯಾರಕರೇ ಅದಕ್ಕೆ ತಲೆಬಾಗಿದ್ದಾರೆ. ಆಸ್ಟ್ರಿಯದ ಡೈಮಂಡ್ ಕಂಪನಿಯ ಎರಡು ಎಂಜಿನ್ನಿನ ಡಿಎ42-6 ವಿಮಾನದ ಗರಿಷ್ಠ ತೂಕ ದಾಖಲೆಯಲ್ಲಿ 1,999 ಕಿಲೋ. ಆ ಒಂದು ಕಿಲೋದ ಅಂತರ ಆಕಸ್ಮಿಕವಲ್ಲ. ತೂಕ 2,000 ಕಿಲೋ ಆದೊಡನೆ ಗುಣಕ ಸೊನ್ನೆಯಿಂದ ನೇರವಾಗಿ 0.2ಕ್ಕೆ ಜಿಗಿಯುತ್ತದೆ, ಮೇಲಿನ ಲೆಕ್ಕದಂತೆ 600 ಕಿಲೋಮೀಟರಿಗೆ 72 ಯೂರೊ. ಎರಡು ಟನ್ನಿಗಿಂತ ತುಸು ಹೆಚ್ಚು ತೂಗುವ ಪೈಪರ್ ಸೆನೆಕಾ ಬಗೆಯ ವಿಮಾನಗಳನ್ನೂ 1,999 ಕಿಲೋಗೆ ಇಳಿಸಿ ದಾಖಲೆ ಮಾಡಿಸಿಕೊಳ್ಳುವ ರೂಢಿ ಯೂರೋಪಿನಲ್ಲಿದೆ. ಆಗ ಅಷ್ಟರಮಟ್ಟಿಗೆ ಇಂಧನವನ್ನೋ ಸಾಮಾನನ್ನೋ ಬಿಟ್ಟುಕೊಡಬೇಕಾಗುತ್ತದೆ. ಇಂಧನದಲ್ಲಿ ಕಡಿತ ಮಾಡಿಕೊಂಡು ಶುಲ್ಕ ಉಳಿಸುವುದು ಜಾಣತನವಲ್ಲ. ಸಾಮಾನಿನಲ್ಲಿ ಮಾಡಿಕೊಂಡರೆ ತಪ್ಪೇನಿಲ್ಲ.

ಇನ್ನೊಂದು ವಿನಾಯಿತಿ ಹಾರುವ ರೀತಿಗೆ ಸೇರಿದ್ದು. ಕಣ್ಣಿಗೆ ಕಾಣುವ ನೆಲ, ನದಿ, ರಸ್ತೆಗಳನ್ನು ನೋಡಿಕೊಂಡು ಹಾರುವುದಕ್ಕೆ ವಿಎಫ್ಆರ್ ಎನ್ನುತ್ತಾರೆ. ಉಪಕರಣಗಳನ್ನು ನಂಬಿ, ನಿಯಂತ್ರಕರು ಹೇಳಿದ ಎತ್ತರ ಮತ್ತು ದಾರಿಯಲ್ಲಿ ಹಾರುವುದು ಐಎಫ್ಆರ್. ಮಾರ್ಗ ಶುಲ್ಕ ಬೀಳುವುದು ಮುಖ್ಯವಾಗಿ ಐಎಫ್ಆರ್ ಹಾರಾಟಕ್ಕೆ. ವಿಎಫ್ಆರ್ ಹಾರಾಟವನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಪ್ರತಿ ದೇಶಕ್ಕೂ ಇದೆ. ಅಪಾಯದ ಮೂಲೆಯಿರುವುದೂ ಇಲ್ಲೇ. ಎರಡೂವರೆ ಟನ್ನಿನ ವಿಮಾನದ ಪೈಲಟ್ ಒಬ್ಬರು ಆಲ್ಪ್ಸ್ ಬೆಟ್ಟಗಳ ಬುಡದಲ್ಲಿದ್ದಾರೆ, ಮುಂದೆ ಮೋಡ ಇಳಿಯುತ್ತಿದೆ ಎಂದುಕೊಳ್ಳಿ. ಐಎಫ್ಆರ್‌ಗೆ ಬದಲಾಯಿಸಿದರೆ ಬಿಲ್ಲು ಓಡತೊಡಗುತ್ತದೆ, ಬದಲಾಯಿಸದಿದ್ದರೆ ಇಲ್ಲ. ಆ ಕ್ಷಣದಲ್ಲಿ ದುಡ್ಡಿನ ಯೋಚನೆ ತಲೆಯೊಳಗೆ ಸುಳಿಯುವುದೇ ಬೇಡ. ಹಾಗೆ ಸುಳಿಯದಂತೆ ಅತಿ ಹಗುರ ವಿಮಾನಗಳ ಮಟ್ಟಿಗಾದರೂ ನೋಡಿಕೊಂಡಿದೆ ಎಂಬುದೇ ಎರಡು ಟನ್ನಿನ ಗೆರೆಯ ದೊಡ್ಡ ಉಪಕಾರ.

ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದೂ ತಿಳಿದಿರಬೇಕು. ಕಚೇರಿ ಮೊದಲು ಹುಡುಕುವುದು ವಿಮಾನ ನಡೆಸಿದವರನ್ನು. ಅವರು ಯಾರೆಂದು ಗೊತ್ತಾಗದಿದ್ದರೆ, ಒಡಲಿನ ಮೇಲೆ ಬರೆದ ನೋಂದಣಿ ಅಕ್ಷರಗಳನ್ನು ಹಿಡಿದು ಮಾಲೀಕರಿಗೆ ಕಳಿಸುತ್ತದೆ. ಕ್ಲಬ್ಬಿನ ವಿಮಾನವನ್ನು ಬಾಡಿಗೆಗೆ ಪಡೆದು ನಾಲ್ಕು ದೇಶ ಸುತ್ತಿಬಂದವರ ಬಿಲ್ಲು ಕ್ಲಬ್ಬಿನ ಬಾಗಿಲಿಗೆ ಬರುವುದು ಹೀಗೆ.

ಅಟ್ಲಾಂಟಿಕ್‌ನ ಆಚೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಾರಿ ಬೇರೆ. ಅಲ್ಲಿ ಟೇಕಾಫ್ ಆಗುವ ಅಥವಾ ಇಳಿಯುವ ಖಾಸಗಿ ವಿಮಾನ ಸಂಚಾರ ನಿಯಂತ್ರಣಕ್ಕೆಂದು ಬೇರೆ ಬಿಲ್ಲು ಕಟ್ಟುವುದಿಲ್ಲ. ಇಂಧನದ ಮೇಲಿನ ತೆರಿಗೆಯಲ್ಲೇ ಅದು ಸೇರಿರುತ್ತದೆ. ಪಿಸ್ಟನ್ ಎಂಜಿನ್ನಿಗೆ ಹಾಕುವ ಪೆಟ್ರೋಲಿಗೆ ಗ್ಯಾಲನ್ನಿಗೆ 19.4 ಸೆಂಟ್ ಒಕ್ಕೂಟ ತೆರಿಗೆ. ಬಿಲ್ಲು ಬೀಳುವುದು ಇಳಿಯದೆ ಹಾದುಹೋಗುವ ವಿಮಾನಗಳಿಗೆ. 1996ರ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿತು. 2019ರ ಜನವರಿಯಲ್ಲಿ ಜಾರಿಗೆ ಬಂದ ದರ ನೆಲದ ಮೇಲಿನ ಪ್ರತಿ 100 ನಾಟಿಕಲ್ ಮೈಲಿಗೆ 61.75 ಡಾಲರ್, ಸಾಗರದ ಮೇಲೆ 26.51 ಡಾಲರ್. ಇಲ್ಲಿ ತೂಕದ ಮಾತೇ ಇಲ್ಲ. ಬೋಯಿಂಗ್ 747ಕ್ಕೂ ಸೆಸ್ನಾಕ್ಕೂ ದರ ಒಂದೇ. ಕಾಗದದ ಮೇಲೆ ಇದು ಸಣ್ಣವರಿಗೆ ಕಠೋರ. ಆದರೆ ಒಂದು ತಿಂಗಳ ಮೊತ್ತ 250 ಡಾಲರ್ ಮುಟ್ಟದಿದ್ದರೆ ಬಿಲ್ಲನ್ನೇ ಕಳಿಸುವುದಿಲ್ಲ. 400 ನಾಟಿಕಲ್ ಮೈಲಿ ದಾಟಿದರೆ ಆಗುವುದು 247 ಡಾಲರ್. ಅಲ್ಲಿಗೆ ಅಪರೂಪಕ್ಕೊಮ್ಮೆ ಹಾದುಹೋಗುವ ಪುಟ್ಟ ವಿಮಾನ ಬಚಾವ್. ಕೆನಡದ ಒಂದೂರಿನಿಂದ ಹೊರಟು ಅಮೆರಿಕದ ಆಕಾಶವನ್ನು ಹಾದು ಮತ್ತೆ ಕೆನಡದಲ್ಲೇ ಇಳಿಯುವ ವಿಮಾನಗಳಿಗೂ ವಿನಾಯಿತಿ ಇದೆ.

ಕೆನಡ 1996ರ ನವೆಂಬರ್ 1ರಂದು ತನ್ನ ವಾಯು ಸಂಚಾರ ನಿಯಂತ್ರಣವನ್ನು 150 ಕೋಟಿ ಕೆನಡಿಯನ್ ಡಾಲರಿಗೆ ನ್ಯಾವ್ ಕೆನಡ ಎಂಬ, ಷೇರುದಾರರಿಲ್ಲದ, ಲಾಭ ಹಂಚದ ಸಂಸ್ಥೆಗೆ ಒಪ್ಪಿಸಿತು. ಮೂರು ಟನ್‌ವರೆಗಿನ ಖಾಸಗಿ ವಿಮಾನಗಳಿಗೆ ಅದು ದೂರದ ಲೆಕ್ಕ ಹಾಕುವುದಿಲ್ಲ. ಸ್ವದೇಶಿ ವಿಮಾನಕ್ಕೆ ವರ್ಷಕ್ಕಿಷ್ಟು, ವಿದೇಶಿ ವಿಮಾನಕ್ಕೆ ಮೂರು ತಿಂಗಳಿಗಿಷ್ಟು ಎಂದು ಸಣ್ಣ ಮೊತ್ತ ಗೊತ್ತುಮಾಡಿದೆ. ಒಮ್ಮೆ ಕಟ್ಟಿದ ಮೇಲೆ ಆ ಅವಧಿಯಲ್ಲಿ ಎಷ್ಟು ಸಲ ನಿಯಂತ್ರಕರನ್ನು ಕರೆದರೂ ಮೀಟರ್ ಓಡುವುದಿಲ್ಲ. ಸುರಕ್ಷತೆಯ ಅಳತೆಗೋಲಿನಲ್ಲಿ ನೋಡಿದರೆ ಇದು ಬಹಳ ಒಳ್ಳೆಯ ಏರ್ಪಾಡು.

ಅಟ್ಲಾಂಟಿಕ್‌ನ ಉತ್ತರ ಭಾಗದ್ದೇ ಒಂದು ಕಥೆ. ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ಗಳ ಜನಸಂಖ್ಯೆ ಅತಿ ಕಡಿಮೆ, ನಿಗಾ ವಹಿಸಬೇಕಾದ ಆಕಾಶ ಅಪಾರ. ಅಲ್ಲಿನ ರೇಡಿಯೊ ಮತ್ತು ಹವಾಮಾನ ಕೇಂದ್ರಗಳ ಖರ್ಚನ್ನು ಆ ಜನರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು 1956ರಲ್ಲಿ ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್ ಜತೆ ಹಲವು ದೇಶಗಳು ಐಕಾವೊ ಮೂಲಕ ಜಂಟಿ ಹಣಕಾಸು ಒಪ್ಪಂದ ಮಾಡಿಕೊಂಡವು. ಆ ಭಾಗದಲ್ಲಿ ದಾಟುವ ವಿಮಾನಗಳಿಂದ ದಾಟಿದ್ದಕ್ಕೆ ಇಷ್ಟೆಂದು ಹಣ ಸಂಗ್ರಹಿಸುವ ಏರ್ಪಾಡು ಅದರಡಿ ಬಂತು. 2019ರ ಮೇ ತಿಂಗಳಲ್ಲಿ ಮುಂಬಯಿಯ ಆರೋಹಿ ಪಂಡಿತ್ ಪುಟ್ಟ ಸೈನಸ್ ವಿಮಾನದಲ್ಲಿ ಒಬ್ಬರೇ ಸ್ಕಾಟ್ಲೆಂಡಿನ ವಿಕ್‌ನಿಂದ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಮಾರ್ಗವಾಗಿ ಕೆನಡದ ಇಕಾಲುಯಿತ್ ತಲುಪಿದ್ದು ಇದೇ ಹಿಮದ ದಾರಿಯಲ್ಲಿ. ಅಂಥ ಹಾರಾಟದಲ್ಲಿ ಕಿವಿಗೆ ಬೀಳುವ ಒಂದು ಹವಾಮಾನ ವರದಿಯ ಬೆಲೆ ಏನೆಂದು ಆ ಕಡಲ ಮೇಲೆ ಒಂಟಿ ಎಂಜಿನ್ನಿನಲ್ಲಿ ಹೋದವರಿಗೇ ಗೊತ್ತು.

ಒಬ್ಬರ ಆಕಾಶ, ಇನ್ನೊಬ್ಬರ ನಿಯಂತ್ರಣ

ಆಕಾಶದ ಒಡೆಯರೂ ಅದನ್ನು ನಿಯಂತ್ರಿಸುವವರೂ ಒಬ್ಬರೇ ಆಗಿರಬೇಕೆಂದಿಲ್ಲ. ಬಹಾಮಾಸ್ 1973ರಲ್ಲಿ ಸ್ವತಂತ್ರವಾದರೂ ಅದರ ಆಕಾಶವನ್ನು ನಿಯಂತ್ರಿಸುತ್ತಿದ್ದದ್ದು, ಹಾದುಹೋದವರಿಂದ ಶುಲ್ಕ ಪಡೆಯುತ್ತಿದ್ದದ್ದು ಅಮೆರಿಕ. 2021ರ ಮೇ ತಿಂಗಳಿನಿಂದ ಬಹಾಮಾಸ್ ತಾನೇ ಶುಲ್ಕ ಪಡೆಯುತ್ತಿದೆ. ನಿಯಂತ್ರಣದ ಕೆಲಸವನ್ನು ಹತ್ತು ವರ್ಷದ ಕರಾರಿನ ಮೇಲೆ, ವರ್ಷಕ್ಕೆ 80,000 ಡಾಲರ್ ಕೊಟ್ಟು ಅಮೆರಿಕದ ಕೈಯಲ್ಲೇ ಮುಂದುವರಿಸಿದೆ. ಫ್ಲಾರಿಡದಿಂದ ದ್ವೀಪಗಳಿಗೆ ಹಾರುವ ನೂರಾರು ಖಾಸಗಿ ಪೈಲಟ್‌ಗಳಿಗೆ ಕಿವಿಯಲ್ಲಿ ಕೇಳುವ ದನಿ ಹಳೆಯದೇ, ಲೆಕ್ಕ ಬರೆಯುವ ಕೈ ಹೊಸದು. ಸುಮಾತ್ರದ ಪಕ್ಕದ ರಿಯಾವು ದ್ವೀಪಗಳ ಮೇಲಿನ ಆಕಾಶವನ್ನು ಸಿಂಗಪುರ ನಿಯಂತ್ರಿಸುತ್ತಿತ್ತು. 2022ರ ಜನವರಿಯಲ್ಲಿ ಇಂಡೊನೇಷ್ಯ ಜತೆ ಸಹಿಯಾದ ಒಪ್ಪಂದ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದು ಗೆರೆಗಳು ಬದಲಾದವು.

ಫ್ಲಾರಿಡದಿಂದ ಕೇಮನ್ ದ್ವೀಪಗಳಿಗೆ ನೇರವಾಗಿ ಹೋಗಬೇಕಾದರೆ ಕ್ಯೂಬ ಅಡ್ಡ ಬರುತ್ತದೆ. ಗೊತ್ತುಮಾಡಿದ ಓಣಿಯಲ್ಲಿ, ಮೊದಲೇ ಅನುಮತಿ ಪಡೆದು, ಶುಲ್ಕ ಕಟ್ಟಿ ದಾಟಬೇಕು. ಕ್ಯೂಬದೊಂದಿಗೆ ಹಣದ ವ್ಯವಹಾರವನ್ನು ನಿರ್ಬಂಧಿಸಿರುವ ಅಮೆರಿಕದ ಕಾನೂನು ಕೂಡ ಈ ಒಂದು ಪಾವತಿಗೆ ಬಾಗಿಲು ತೆರೆದಿಟ್ಟಿದೆ. ವೈರವಿದ್ದಲ್ಲೂ ಸಂಚಾರ ನಿಯಂತ್ರಣದ ಲೆಕ್ಕ ಚುಕ್ತಾ ಆಗಲೇಬೇಕೆಂಬ ವಿವೇಕ ಅದು.

ಭಾರತದಲ್ಲಿ

ಭಾರತದ ಆಕಾಶದಲ್ಲಿ ಈ ಸೇವೆ ಕೊಡುವುದು 1995ರ ಏಪ್ರಿಲ್ 1ರಂದು ಹುಟ್ಟಿದ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಸಾಗರವೂ ಸೇರಿ ಅದರ ಸುಪರ್ದಿಯಲ್ಲಿರುವ ವಾಯುಪ್ರದೇಶ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ. ಅದು ದೆಹಲಿ, ಮುಂಬಯಿ, ಕೋಲ್ಕತ್ತ ಮತ್ತು ಚೆನ್ನೈ ಎಂಬ ನಾಲ್ಕು ಮುಖ್ಯ ಹಾರಾಟ ಮಾಹಿತಿ ವಲಯಗಳಾಗಿ ಹಂಚಿಹೋಗಿದೆ. ಬೆಂಗಳೂರು, ಮಂಗಳೂರುಗಳ ಆಕಾಶ ಚೆನ್ನೈ ವಲಯಕ್ಕೆ ಸೇರಿದ್ದು. ಹಾದುಹೋಗುವ ವಿಮಾನ ಕಟ್ಟುವ ಮಾರ್ಗ ಸಂಚಾರ ಸೌಲಭ್ಯ ಶುಲ್ಕ ಇಲ್ಲಿಯೂ ತೂಕ ಮತ್ತು ದೂರವನ್ನೇ ಅವಲಂಬಿಸಿದೆ. ಇಳಿಯುವ ವಿಮಾನಕ್ಕೆ ನಿಲ್ದಾಣದ ಬಳಿಯ ನಿಯಂತ್ರಣದ ಶುಲ್ಕ ಬೇರೆ.

ಆದರೆ ಭಾರತ ದಾಟುವ ವಿದೇಶಿ ಖಾಸಗಿ ಪೈಲಟ್‌ಗೆ ಹೊರೆಯಾಗುವುದು ಈ ಶುಲ್ಕವಲ್ಲ, ಅದರ ಸುತ್ತ ಇರುವ ಕೆಲಸ. ನಾಗರಿಕ ವಾಯುಯಾನ ಮಹಾನಿರ್ದೇಶನಾಲಯದಿಂದ ಹಾರಾಟಕ್ಕೆ ಅನುಮತಿಯ ಸಂಖ್ಯೆ ಪಡೆಯಬೇಕು. ಕಸ್ಟಮ್ಸ್ ಇರುವ ನಿಲ್ದಾಣದಲ್ಲೇ ಮೊದಲು ಇಳಿಯಬೇಕು. ಕಾಗದಪತ್ರ ನೋಡಿಕೊಳ್ಳಲು ಏಜೆಂಟರಿಗೆ ಹಣ ಕೊಡಬೇಕು. ಪಿಸ್ಟನ್ ಎಂಜಿನ್ನಿನ ಪೆಟ್ರೋಲ್ ಎಲ್ಲ ನಿಲ್ದಾಣಗಳಲ್ಲೂ ಸಿಗುವುದಿಲ್ಲ. ಪಶ್ಚಿಮ ಏಷ್ಯದಿಂದ ಆಗ್ನೇಯ ಏಷ್ಯದವರೆಗೆ ಬಹುತೇಕ ಇದೇ ಸ್ಥಿತಿ. ನಿಗದಿತ ವೇಳಾಪಟ್ಟಿಯಿಲ್ಲದ ವಿಮಾನಗಳು ಪೂರ್ವಾನುಮತಿಯಿಲ್ಲದೆ ಹಾದುಹೋಗಬಹುದೆಂದು ಷಿಕಾಗೋ ಒಪ್ಪಂದದ 5ನೆಯ ವಿಧಿ ಹೇಳಿದರೂ ಭದ್ರತೆಯ ಕಾರಣಕ್ಕೆ ಆ ಮಾತು ಈ ಭಾಗದಲ್ಲಿ ಕಾಗದದಲ್ಲೇ ಉಳಿದಿದೆ. ನಮ್ಮ ದೇಶ ಹಗುರ ವಿಮಾನಗಳ ಮಟ್ಟಿಗೆ ಈ ಕಟ್ಟುಪಾಡುಗಳನ್ನು ಸಡಿಲಿಸಿದರೆ ಒಳಗಿನ ಹವ್ಯಾಸಿ ವಾಯುಯಾನಕ್ಕೂ ಅದರಿಂದ ಬಲ ಬಂದೀತು.

ಕಟ್ಟದಿದ್ದರೆ

ಬಿಲ್ಲು ಸಣ್ಣದೆಂದು ಮೂಲೆಗೆಸೆಯುವುದು ತಪ್ಪು. ಯೂರೋಕಂಟ್ರೋಲ್ ತಡಕ್ಕೆ ಬಡ್ಡಿ ಹಾಕುತ್ತದೆ. ಬಾಕಿಗಾಗಿ ವಿಮಾನವನ್ನೇ ತಡೆಹಿಡಿಯುವ ಅಧಿಕಾರ ಬ್ರಿಟನ್, ಕೆನಡ ಮೊದಲಾದ ದೇಶಗಳ ಕಾನೂನಿನಲ್ಲಿದೆ. 2001ರಲ್ಲಿ ಕೆನಡ 3000 ಎಂಬ ವಿಮಾನ ಕಂಪನಿ ದಿವಾಳಿಯಾದಾಗ ನ್ಯಾವ್ ಕೆನಡ ಮತ್ತು ವಿಮಾನ ನಿಲ್ದಾಣಗಳು ಬಾಕಿಗಾಗಿ ಅದರ ವಿಮಾನಗಳನ್ನು ಹಿಡಿದಿಡಲು ಹೊರಟವು. ಅವುಗಳಲ್ಲಿ ಅನೇಕವು ಗುತ್ತಿಗೆಗೆ ಪಡೆದವು. ಬಾಕಿ ನಮ್ಮದಲ್ಲವೆಂದು ನಿಜವಾದ ಮಾಲೀಕರು ವಾದಿಸಿದರು. ಬಾಕಿಯ ಹೊಣೆ ಅವರದಲ್ಲದಿದ್ದರೂ ವಿಮಾನವನ್ನು ಹಿಡಿದಿಡಬಹುದೆಂದು ಕೆನಡದ ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತಿತು. ಆದ್ದರಿಂದ ಹಳೆಯ ವಿಮಾನ ಕೊಳ್ಳುವವರು ಹಿಂದಿನ ಮಾಲೀಕರ ಶುಲ್ಕ ಬಾಕಿಯನ್ನು ವಿಚಾರಿಸಿಯೇ ಕೊಳ್ಳಬೇಕು.

ಶುಲ್ಕವೇ ಬೇಡವೆಂದು ವಾದಿಸುವ ಪೈಲಟ್ ಸಂಘಗಳು ಅಮೆರಿಕದಲ್ಲಿ ಪ್ರಬಲ. ಇಂಧನ ತೆರಿಗೆಯೇ ಸಾಕು ಎಂಬುದು ಅವುಗಳ ನಿಲುವು. ಬಳಸಿದವರೇ ಕೊಡಲಿ ಎಂಬುದು ಯೂರೋಪಿನ ನಿಲುವು. ಎರಡಕ್ಕೂ ಸಮರ್ಥನೆ ಇದೆ. ಹಗುರ ವಿಮಾನದಿಂದ ಬರುವ ಹಣ ಬಿಲ್ಲು ಮಾಡುವ ಖರ್ಚಿಗೂ ಸಾಲದು ಎಂಬುದು ಮಾತ್ರ ಎರಡೂ ಕಡೆ ನಿಜ. ಹೀಗಾಗಿ ತೂಕದ ಗೆರೆ, ಮೊತ್ತದ ಗೆರೆ, ಅವಧಿಗಿಷ್ಟೆಂಬ ಕಟ್ಟು, ಈ ಮೂರರಲ್ಲಿ ಒಂದಾದರೂ ಪ್ರತಿ ದೇಶದಲ್ಲೂ ಇರಲೇಬೇಕು.

ಶೋಧ ಮತ್ತು ರಕ್ಷಣೆಯ ಹಾರಾಟಗಳಿಗೆ ಯೂರೋಕಂಟ್ರೋಲ್ ಶುಲ್ಕ ವಿಧಿಸುವುದಿಲ್ಲ. ದಾರಿ ತಪ್ಪಿದ ಅಥವಾ ಕಷ್ಟಕ್ಕೆ ಸಿಕ್ಕ ಪೈಲಟ್ ಕರೆಯಬೇಕಾದ ತುರ್ತು ತರಂಗ 121.5 ಮೆಗಾಹರ್ಟ್ಸ್. ಬ್ರಿಟನ್ನಿನಲ್ಲಿ ಆ ಕರೆಗೆ ಓಗೊಡುವುದು ಸ್ವಾನ್‌ವಿಕ್‌ನಲ್ಲಿರುವ ವಾಯುಪಡೆಯ ತುರ್ತು ಘಟಕ. ಅಭ್ಯಾಸಕ್ಕೆಂದು ಕರೆದರೂ ಅಲ್ಲಿಂದ ಉತ್ತರ ಬರುತ್ತದೆ, ಅದಕ್ಕೆ ಹಣ ಕೇಳುವುದಿಲ್ಲ.